ಸುಂಟಿಕೊಪ್ಪದಿಂದ ಸ್ಯಾನ್ ಫ್ರಾನ್ಸಿಸ್ಕೊ: ಪೂರ್ವಕ್ಕೆ ಹೋಗೋದಾ, ಪಶ್ಚಿಮಕ್ಕಾ, ಇಲ್ಲ ನೇರ ಉತ್ತರಕ್ಕಾ?

ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇರೋ ತಂಗಿಗೆ ಡಾಕ್ಟ್ರು ಹೆರಿಗೆ ಡೇಟ್ ಕೊಟ್ಟಿದ್ದು ಮೇ ಕೊನೇ ವಾರಕ್ಕೆ. ಬಾಣಂತನಕ್ಕೆ ಅಮ್ಮ ಹೋಗ್ಲೇಬೇಕು, ಅಮ್ಮ ಹೋದ್ರೆ ಅಪ್ಪ ಇಲ್ಲಿ ಒಬ್ರೇ ಇರಲ್ಲ, ಇಬ್ರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಾಗಾಗಿ ಬಿಟ್ಟು ಬರೋಕೆ ಅಂತ ನಾನೂ ಹೊರಡೋದು ಅಂತಾಯ್ತು. ಇಲ್ಲಿ ಕೊಡಗಲ್ಲಿ ನಮ್ಮ ಕಾಫಿ ತೋಟದಲ್ಲಿ ರೊಬಸ್ಟಾ ಕುಯ್ಲು ಮುಗಿದು, ಹೂ ಮಳೆನೂ ಬಂದು, ಗೊಬ್ಬರ ಹಾಕೋಕೆ ಇನ್ನೂ ಟೈಮ್ ಇದ್ದಿದ್ರಿಂದ ಸರಿಹೋಯ್ತು, ಇಲ್ಲಾಂದ್ರೆ ಡಿಸೆಂಬರ್ ಜನವರಿಲಿ ಯಾರಾದ್ರೂ ಅಮೆರಿಕಾಕ್ಕೆ ಬಾ ಅಂದಿದ್ರೆ ನಾನು ಫೋನ್ ಎತ್ತುತ್ತಿರ್ಲಿಲ್ಲ. ಆಮೇಲೆ ಟಿಕೆಟ್ ಹುಡುಕೋಕೆ ಕೂತೆ ನೋಡಿ, ಮೂರು ರಾತ್ರಿ ಹೋಯ್ತು. ಅದರಲ್ಲಿ ತಿಳ್ಕೊಂಡಿದ್ದು, ಹೋಗಿ ಬಂದ ಮೇಲೆ ಗೊತ್ತಾಗಿದ್ದು ಎರಡನ್ನೂ ಇಲ್ಲಿ ಹಾಕ್ತಿದ್ದೀನಿ, ನಮ್ ಕಡೆ ಈಗ ಮನೆಗೊಬ್ಬ ಮಗನೋ ಮಗಳೋ ಆ ಕಡೆ ಇದ್ದಾರಲ್ಲ, ಯಾರಿಗಾದ್ರೂ ಉಪಯೋಗ ಆಗ್ಬಹುದು.

ಮೊದಲು ಎಲ್ರೂ ಕೇಳೋದು "ಎಷ್ಟು ದೂರ, ಎಷ್ಟು ಗಂಟೆ" ಅಂತ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶದಲ್ಲಿ ಅತಿ ಹತ್ತಿರದ ದಾರಿ ಸುಮಾರು 13,990 ಕಿ.ಮೀ. ವಿಮಾನ ಗಂಟೆಗೆ 900 ಕಿ.ಮೀ. ಹತ್ತಿರ ಹೋಗುತ್ತೆ, ಭಾಗಾಕಾರ ಮಾಡಿದ್ರೆ ಹದಿನೈದೂವರೆ ಗಂಟೆ ಬರುತ್ತೆ. ಅಪ್ಪ ಇದನ್ನ ಕೇಳ್ಕೊಂಡು "ಅಷ್ಟೇನಾ, ಹಿಂದೆ ನಾವು ಬಸ್ಸಲ್ಲಿ ತಿರುಪತಿಗೆ ಹೋಗಿ ಬಂದಿದ್ದು ಅದಕ್ಕಿಂತ ಜಾಸ್ತಿ" ಅಂದ್ರು. ಆದ್ರೆ ನಮ್ಮನೆ ಗೇಟಿಂದ ತಂಗಿ ಮನೆ ಬಾಗಿಲಿಗೆ ನಮಗೆ ಹಿಡಿದಿದ್ದು ಮೂವತ್ತನಾಲ್ಕು ಗಂಟೆ. ಈ ಹದಿನೈದೂವರೆಗೂ ಮೂವತ್ತನಾಲ್ಕಕ್ಕೂ ಮಧ್ಯೆ ಇರೋದನ್ನ ನೋಡ್ದೆ ಟಿಕೆಟ್ ಆರಿಸಿದ್ರೆ ಕಷ್ಟ.

ಗ್ಲೋಬಿನ ಮೇಲೆ ಸುತ್ಲಿ ದಾರ

ಮ್ಯಾಪಲ್ಲಿ ನೋಡಿದ್ರೆ ಅಮೆರಿಕಾ ಎಡಗಡೆ ತುದಿಲಿದೆ, ಹಾಗಾಗಿ ಎಲ್ರೂ ಪಶ್ಚಿಮಕ್ಕೆ ಹೋಗ್ಬೇಕು ಅಂದ್ಕೊಳ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಮಗನ ಹತ್ರ ಸ್ಕೂಲಿಗೆ ತಂದ ಒಂದು ಗ್ಲೋಬ್ ಇತ್ತು, ಕಾಫಿ ಗೋಣಿ ಹೊಲಿಯೋ ಸುತ್ಲಿ ತಗೊಂಡು ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಹತ್ರ ಎಳೆದೆ. ಬಿಗಿಯಾಗಿ ಎಳೆದ ಹಾಗೆಲ್ಲ ದಾರ ಜಾರಿ ಜಾರಿ ಮೇಲೆ ಹೋಗಿ ಚೀನಾ ದಾಟಿ ಸೈಬೀರಿಯಾ ಮೇಲೆ ಕೂತ್ಕೊಳ್ತು. ಅದೇ ಹತ್ತಿರದ ದಾರಿ. ಬೆಂಗಳೂರು ಇರೋದು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ 122.4 ಡಿಗ್ರಿ ಪಶ್ಚಿಮದಲ್ಲಿ. ಪೂರ್ವದ ಕಡೆಯಿಂದ ಎಣಿಸಿದ್ರೆ 160 ಡಿಗ್ರಿ, ಪಶ್ಚಿಮದ ಕಡೆಯಿಂದ 200. ಅಂದ್ರೆ ಹೆಚ್ಚುಕಡಿಮೆ ಭೂಮಿಯ ಆ ಬೆನ್ನಿಗೆ ಇದೆ ಊರು. ಅದಕ್ಕೇ ಯಾವ ಕಡೆಯಿಂದ ಹೋದ್ರೂ ತಲುಪ್ತೀವಿ, ಯಾವುದೂ ಸುತ್ತು ಬಳಸು ಅನ್ನೋ ಹಾಗಿಲ್ಲ. ಮಡಿಕೇರಿಯಿಂದ ವಿರಾಜಪೇಟೆಗೆ ಮೂರ್ನಾಡು ಮೇಲೆ ಹೋಗೋ ಬದಲು ಸಿದ್ದಾಪುರ ಮೇಲೆ ಹೋದ್ರೆ ಸುತ್ತು ಅಂತೀವಲ್ಲ, ಆ ತರ ಇಲ್ಲಿ ಹೇಳೋಕಾಗಲ್ಲ.

ಲೆಕ್ಕ ಹಾಕಿದ್ರೆ ಹೀಗೆ ಬರುತ್ತೆ. ಟೋಕಿಯೊ ಮೇಲೆ ಹೋದ್ರೆ 6,700 ಮತ್ತೆ 8,220, ಒಟ್ಟು 14,900 ಚಿಲ್ಲರೆ. ಹಾಂಗ್‌ಕಾಂಗ್ ಮೇಲೆ 15,100 ಆಸುಪಾಸು. ದುಬೈ ಮೇಲೆ 2,700 ಮತ್ತೆ 13,040, ಅಲ್ಲಿಗೆ 15,700 ಚಿಲ್ಲರೆ. ದೋಹಾ ಇನ್ನೊಂದು ಮುನ್ನೂರು ಜಾಸ್ತಿ ಇರಬಹುದು. ಫ್ರಾಂಕ್‌ಫರ್ಟ್ ಮೇಲೆ 16,500. ಲಂಡನ್ ಮೇಲೆ 16,650. ಸಿಂಗಾಪುರ ಮೇಲೆ 16,770, ಅದೇ ಎಲ್ಲಕ್ಕಿಂತ ಉದ್ದ, ಯಾಕಂದ್ರೆ ಮೊದಲು ಕೆಳಗೆ ಇಳಿದು ಆಮೇಲೆ ಮೇಲೆ ಹತ್ಬೇಕು. ಅಂದ್ರೆ ಅತಿ ಹತ್ತಿರದ್ದಕ್ಕೂ ಅತಿ ದೂರದ್ದಕ್ಕೂ ಇರೋ ವ್ಯತ್ಯಾಸ 2,800 ಕಿ.ಮೀ. ಅಷ್ಟೆ, ವಿಮಾನದ ಲೆಕ್ಕದಲ್ಲಿ ಮೂರು ಗಂಟೆ. ಅದೇ ನೀವು ಮಧ್ಯೆ ಒಂದು ಏರ್‌ಪೋರ್ಟಲ್ಲಿ ಎಂಟು ಗಂಟೆ ಕಾಯೋ ಟಿಕೆಟ್ ತಗೊಂಡ್ರೆ ಮುಗೀತು, ಕಿಲೋಮೀಟರ್ ಲೆಕ್ಕ ಎಲ್ಲ ನೀರಲ್ಲಿ ಹೋಮ. ಕಿಲೋಮೀಟರ್ ನೋಡಿ ಟಿಕೆಟ್ ಆರಿಸ್ಬೇಡಿ ಅಂತ ನಾನು ಹೇಳೋದು ಅದಕ್ಕೇ. ಪ್ರಯಾಣ ಎಲ್ಲಿ ತುಂಡಾಗುತ್ತೆ, ಯಾವ ತುಂಡು ಎಷ್ಟು ಉದ್ದ, ಅದನ್ನ ನೋಡಿ.

ನೇರ ಫ್ಲೈಟ್

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಮಧ್ಯೆ ಎಲ್ಲೂ ನಿಲ್ಲದ ಹಾರಾಟ ಶುರುವಾಗಿದ್ದು 2021ರ ಜನವರಿಲಿ, ಏರ್ ಇಂಡಿಯಾದ್ದು. ಮೊದಲ ವಿಮಾನ ಜನವರಿ 9ಕ್ಕೆ ಆ ಕಡೆಯಿಂದ ಹೊರಟು ಉತ್ತರ ಧ್ರುವದ ಮೇಲಿಂದ ಬಂದು 11ರ ಬೆಳಗಿನ ಜಾವ ಬೆಂಗಳೂರಲ್ಲಿ ಇಳೀತು, ಕಾಕ್‌ಪಿಟ್ಟಲ್ಲಿ ಇದ್ದಿದ್ದೆಲ್ಲ ಹೆಣ್ಮಕ್ಕಳೇ, ಕ್ಯಾಪ್ಟನ್ ಜೋಯಾ ಅಗರ್ವಾಲ್. ಹದಿನೇಳು ಗಂಟೆ ಹತ್ತಿರದ ಹಾರಾಟ. ಆದ್ರೆ ಇಂಥ ಉದ್ದದ ಫ್ಲೈಟ್‌ಗಳನ್ನ ಕಂಪನಿಗಳು ನಿಲ್ಲಿಸೋದೂ ಮತ್ತೆ ಶುರು ಮಾಡೋದೂ ನಡೀತಾ ಇರುತ್ತೆ, ದಿನಾನೂ ಇರಲ್ಲ, ಹಾಗಾಗಿ ನೀವು ಹೋಗೋ ತಿಂಗಳು ಅದು ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ಇನ್ನೊಂದು, ದಾರಿ ರಷ್ಯಾ ಮೇಲೆ ಹೋಗುತ್ತೆ. 2022ರ ಫೆಬ್ರವರಿ ಆದ್ಮೇಲೆ ಯುರೋಪು ಅಮೆರಿಕಾದ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್, ನಮ್ಮ ದೇಶದ ವಿಮಾನಗಳಿಗೆ ಬಂದ್ ಆಗಿಲ್ಲ, ಅದೊಂದು ಅನುಕೂಲ.

ನೇರ ಫ್ಲೈಟ್ ಯಾರಿಗೆ ಒಳ್ಳೇದು ಅಂದ್ರೆ, ಒಬ್ಬೊಬ್ರೇ ಹೋಗೋ ವಯಸ್ಸಾದೋರಿಗೆ. ಮಧ್ಯೆ ಇಳಿಯೋ ಗಲಾಟೆ ಇಲ್ಲ, ಗೇಟ್ ನಂಬರ್ ಹುಡುಕೋ ಹಾಗಿಲ್ಲ, ಬೋರ್ಡ್ ಓದೋ ಹಾಗಿಲ್ಲ, ಬೆಂಗಳೂರಲ್ಲಿ ವೀಲ್‌ಚೇರಲ್ಲಿ ಕೂತ್ರೆ ಆ ಕಡೆ ಮಗಳ ಕೈಗೇ ಒಪ್ಪಿಸ್ತಾರೆ. ಆದ್ರೆ ಹದಿನೇಳು ಗಂಟೆ ಒಂದೇ ಸೀಟಲ್ಲಿ ಕೂರೋದು ತಮಾಷೆ ಅಲ್ಲ ಮಾರಾಯ್ರೆ. ನಮ್ಮಪ್ಪಂಗೆ ಶುಗರ್ ಇದೆ, ಗಂಟೆಗೊಂದ್ಸಲ ಎದ್ದು ಹೋಗ್ಬೇಕು, ಕಾಲು ಬೇರೆ ಊದ್ಕೊಳ್ಳುತ್ತೆ. ಡಾಕ್ಟರ್ ಹತ್ರ ಕೇಳಿದ್ರೆ ಅವ್ರೂ ಅದನ್ನೇ ಹೇಳಿದ್ರು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಚಾನ್ಸ್ ಇರುತ್ತೆ, ಆಗಾಗ ಎದ್ದು ಓಡಾಡ್ಬೇಕು, ನೀರು ಕುಡೀತಿರ್ಬೇಕು ಅಂತ. ನೀರು ಕುಡಿದ್ರೆ ಮತ್ತೆ ಎದ್ದು ಹೋಗ್ಬೇಕು! ಅದಕ್ಕೇ ನಾವು ಮಧ್ಯೆ ಒಂದ್ಸಲ ಇಳಿಯೋದೇ ವಾಸಿ ಅಂದ್ಕೊಂಡ್ವಿ.

ಪೂರ್ವದ ದಾರಿ, ಅಮ್ಮನ ಶನಿವಾರ

ಒಂದ್ಸಲ ಇಳಿಯೋದು ಅಂತ ಆದ್ಮೇಲೆ ಎಲ್ಲಿ ಇಳಿಯೋದು ಅನ್ನೋದೇ ವಿಷಯ. ಟೋಕಿಯೊ ದಾರಿಲಿ ಜಪಾನ್ ಏರ್‌ಲೈನ್ಸ್ ಬೆಂಗಳೂರಿಂದ ನೇರ ಅಲ್ಲಿನ ನರಿಟಾ ಏರ್‌ಪೋರ್ಟಿಗೆ ಹೋಗುತ್ತೆ, ಎಂಟೂವರೆ ಗಂಟೆ, ಅಲ್ಲಿಂದ ಒಂಬತ್ತು ಚಿಲ್ಲರೆ ಗಂಟೆ. ಎರಡು ತುಂಡೂ ಹೆಚ್ಚುಕಡಿಮೆ ಸಮ. ಮಧ್ಯೆ ಮೂರು ಗಂಟೆ ಕಾಲು ನೀಡ್ಕೊಂಡು ಓಡಾಡ್ಬಹುದು. ಹಾಂಗ್‌ಕಾಂಗ್ ಆದ್ರೆ ಮೊದಲ ತುಂಡು ಐದೂವರೆ ಗಂಟೆ, ಎರಡನೇದು ಹನ್ನೆರಡೂವರೆ ಹದಿಮೂರು. ಕ್ಯಾಥೆ ಪೆಸಿಫಿಕ್ ಇದೆ ಅದಕ್ಕೆ, ಒಬ್ರೇ ಹೋಗೋರಿಗೆ ಚೆನ್ನಾಗಿದೆ. ಸಿಂಗಾಪುರ ಆದ್ರೆ ನಾಲ್ಕೂವರೆ, ಆಮೇಲೆ ಹದಿನೈದರ ಹತ್ರ, ವಾಪಸ್ ಬರೋವಾಗ ಆ ಎರಡನೇ ತುಂಡು ಹದಿನಾರೂವರೆ ಹದಿನೇಳಕ್ಕೆ ಹೋಗುತ್ತೆ. ಚಾಂಗಿ ಏರ್‌ಪೋರ್ಟ್ ಚೆನ್ನಾಗಿದೆ, ಒಪ್ತೀನಿ, ಆದ್ರೆ ಏರ್‌ಪೋರ್ಟ್ ನೋಡೋಕೆ ಅಂತ ಅಷ್ಟು ದೂರ ಸುತ್ತೋದು ನನಗೆ ಸರಿ ಕಾಣ್ಲಿಲ್ಲ.

ಹೋಗೋಕೂ ಬರೋಕೂ ಟೈಮ್ ಯಾಕೆ ಬೇರೆ ಅಂದ್ರೆ ಗಾಳಿ. ಹತ್ತು ಹನ್ನೆರಡು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸ್ತಾ ಇರುತ್ತೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅದು ಹಿಂದಿಂದ ನೂಕುತ್ತೆ, ವಾಪಸ್ ಬರೋವಾಗ ಎದುರಿಗೆ ಬಂದು ಹತ್ತೂವರೆ ಹನ್ನೊಂದು ಗಂಟೆ ಮಾಡುತ್ತೆ. ಸಂಪಾಜೆ ಘಾಟಿ ಇಳಿಯೋದಕ್ಕೂ ಲೋಡ್ ಲಾರಿ ಹಿಂದೆ ಹತ್ತೋದಕ್ಕೂ ಇರೋ ವ್ಯತ್ಯಾಸ ಅಂದ್ಕೊಳ್ಳಿ.

ಈಗ ನಮ್ಮ ಟೈಮ್ ಲೆಕ್ಕ ಹೇಳ್ತೀನಿ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸುಂಟಿಕೊಪ್ಪ ಬಿಟ್ವಿ. ರಾತ್ರಿ ಹತ್ತಕ್ಕೆ ಏರ್‌ಪೋರ್ಟ್. ಶನಿವಾರ ಬೆಳಗಿನ ಜಾವ 2:40ಕ್ಕೆ ವಿಮಾನ. ನರಿಟಾದಲ್ಲಿ ಇಳಿದಾಗ ಅಲ್ಲಿ ಶನಿವಾರ ಮಧ್ಯಾಹ್ನ ಎರಡೂವರೆ. ಸಂಜೆ ಐದೂವರೆಗೆ ಅಲ್ಲಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಶನಿವಾರ ಬೆಳಿಗ್ಗೆ 10:45. ಹೌದು, ಹೊರಟಿದ್ದಕ್ಕಿಂತ ಮೊದಲೇ ತಲುಪಿದ್ವಿ! ಮಧ್ಯೆ ಪೆಸಿಫಿಕ್ ಸಮುದ್ರದಲ್ಲಿ ಅಂತರರಾಷ್ಟ್ರೀಯ ದಿನಾಂಕ ರೇಖೆ ಇದೆ, ಅದನ್ನ ಪೂರ್ವದ ಕಡೆಗೆ ದಾಟಿದ್ರೆ ಒಂದು ದಿನ ಹಿಂದಕ್ಕೆ ಹೋಗ್ತೀವಿ.

ನಮ್ಮಮ್ಮಂಗೆ ಶನಿವಾರ ಒಪ್ಪತ್ತು. ಮದುವೆ ಆದಾಗಿಂದ ಬಿಟ್ಟಿಲ್ಲ. ನರಿಟಾದಲ್ಲಿ ಒಂದು ಬೆಂಚ್ ಮೇಲೆ ಕೂತು, ಮನೆಯಿಂದ ತಂದ ಪುಳಿಯೋಗರೆ ಡಬ್ಬಿ ಬಿಚ್ಚಿ, ಅವತ್ತಿನ ಒಂದು ಹೊತ್ತಿನ ಊಟ ಮುಗಿಸಿದ್ರು, ರಾತ್ರಿ ಹಣ್ಣು ಹಾಲಲ್ಲಿ ಕಳೆದ್ರಾಯ್ತು ಅಂತ. ಮುಂದಿನ ವಿಮಾನದಲ್ಲಿ ರಾತ್ರಿ ಆಯ್ತು, ಕತ್ತಲೆ ಆಯ್ತು, ಮತ್ತೆ ಬೆಳಕಾಯ್ತು, ಗಗನಸಖಿ ತಿಂಡಿ ತಂದಿಟ್ರು, ಅಮ್ಮ ಇನ್ನೇನು ಚಮಚ ಎತ್ಬೇಕು, ಎದುರಿನ ಸ್ಕ್ರೀನಲ್ಲಿ ಇಳಿಯೋ ಊರಿನ ದಿನ ಶನಿವಾರ ಅಂತ ತೋರಿಸ್ತಿತ್ತು. ಚಮಚ ಕೆಳಗಿಟ್ಟು ನನ್ನ ಮುಖ ನೋಡಿದ್ರು. "ಇದು ನಿನ್ನೆದಾ, ಹೊಸದಾ?" ನಾನು ಏನು ಹೇಳ್ಲಿ? ಆಮೇಲೆ ಕೂತು ಲೆಕ್ಕ ಹಾಕಿದೆ, ಬೇಸಿಗೆಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಇಲ್ಲಿನ ಶುಕ್ರವಾರ ಮಧ್ಯರಾತ್ರಿಯಿಂದ ಅಲ್ಲಿನ ಶನಿವಾರ ಮಧ್ಯರಾತ್ರಿವರೆಗೆ ಎಣಿಸಿದ್ರೆ ಅಮ್ಮನ ಶನಿವಾರ ಮೂವತ್ತಾರೂವರೆ ಗಂಟೆ ಉದ್ದ. ಪಾಪ, ಆ ಒಂದು ಊಟ ಬಿಟ್ರೆ ಮಿಕ್ಕ ಹೊತ್ತೆಲ್ಲ ಬರೀ ಜ್ಯೂಸ್ ಕುಡ್ಕೊಂಡು ಕೂತ್ರು.

ನಗೋ ವಿಷಯ ಬಿಡಿ, ಇದರಲ್ಲಿ ಒಂದು ಕೆಲಸದ ಮಾತಿದೆ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ತಗೊಳ್ಳೋರು ದಿನಾಂಕ ನೋಡಿ ತಗೊಳ್ಬಾರ್ದು, ಎಷ್ಟು ಗಂಟೆ ಆಯ್ತು ಅಂತ ನೋಡ್ಬೇಕು, ಇನ್ಸುಲಿನ್ ತಗೊಳ್ಳೋರಂತೂ ಹೊರಡೋ ಮುಂಚೆ ಡಾಕ್ಟರ್ ಹತ್ರ ಬರೆಸ್ಕೊಂಡೇ ಹೋಗಿ. ನಾನು ಅಪ್ಪಂಗೆ ಹಳೇ ಕೈಗಡಿಯಾರ ಒಂದು ಕಟ್ಟಿದ್ದೆ, ಅದನ್ನ ಎಲ್ಲೂ ತಿರುಗಿಸ್ಬೇಡಿ, ಊರಿನ ಟೈಮೇ ಇರ್ಲಿ, ಮಾತ್ರೆ ಅದನ್ನ ನೋಡಿ ತಗೊಳ್ಳಿ ಅಂತ. ತಲುಪಿ ಎರಡು ಮೂರು ದಿನ ಆದ್ಮೇಲೆ ಡಾಕ್ಟ್ರು ಹೇಳಿದ ಹಾಗೆ ಅಲ್ಲಿನ ಟೈಮಿಗೆ ಬದಲಾಯಿಸ್ಕೊಂಡ್ರು.

ಪಶ್ಚಿಮದ ದಾರಿ

ಕೊಲ್ಲಿ ದೇಶದ ಮೇಲೆ ಹೋಗೋದು ನಮ್ಮವರಿಗೆ ಅಭ್ಯಾಸ. ಎಮಿರೇಟ್ಸಲ್ಲಿ ದುಬೈ, ಕತಾರ್ ಏರ್‌ವೇಸಲ್ಲಿ ದೋಹಾ, ಎರಡೂ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಇದೆ. ಬೆಂಗಳೂರಿಂದ ನಾಲ್ಕು ಗಂಟೆ, ಆಮೇಲೆ ಹದಿನಾರು ಗಂಟೆ. ಇದರ ತೊಂದರೆ ಇಲ್ಲೇ ಇರೋದು: ತುಂಡಾಗೋ ಜಾಗ ಸರಿ ಇಲ್ಲ. ಮನೆಯಿಂದ ಹೊರಟು ಇನ್ನೂ ಸುಸ್ತೇ ಆಗಿರಲ್ಲ, ಆಗ್ಲೇ ಇಳಿಸ್ತಾರೆ, ಅದೂ ನಿದ್ದೆಗೆಟ್ಟ ಹೊತ್ತಲ್ಲಿ. ಆಮೇಲೆ ನೇರ ಫ್ಲೈಟಿಗಿಂತ ಬರೀ ಒಂದು ಗಂಟೆ ಕಮ್ಮಿ ಇರೋ ಇನ್ನೊಂದರಲ್ಲಿ ಕೂರ್ಬೇಕು. ಹಾಗಾದ್ರೆ ನಿಂತಿದ್ದರಿಂದ ಏನು ಲಾಭ? ಲಾಭ ಅಂದ್ರೆ ರೇಟು, ಮತ್ತೆ ದಿನಾ ಫ್ಲೈಟ್ ಇರುತ್ತೆ, ಒಂದು ತಪ್ಪಿದ್ರೆ ಇನ್ನೊಂದು. ಆ ಕಡೆ ಜಗಳ ಶುರುವಾದ್ರೆ ಮಾತ್ರ ಕಷ್ಟ, 2025ರ ಜೂನ್ 23ಕ್ಕೆ ಕತಾರ್ ಕೆಲವು ಗಂಟೆ ಆಕಾಶ ಮುಚ್ಚಿದಾಗ ಜಗತ್ತಿನ ಎಲ್ಲ ಕಡೆಗೆ ಹೋಗೋ ಜನ ಸಿಕ್ಕಾಕ್ಕೊಂಡಿದ್ದು ನೆನಪಿರಬಹುದು.

ಅಬುಧಾಬಿ ಬಗ್ಗೆ ಒಂದು ಮಾತು. ಅಲ್ಲಿ ಅಮೆರಿಕಾದ ಇಮಿಗ್ರೇಷನ್ ಆಫೀಸರ್‌ಗಳೇ ಕೂತಿರ್ತಾರೆ, ವಿಮಾನ ಹತ್ತೋ ಮುಂಚೆನೇ ತಪಾಸಣೆ ಮುಗಿಯುತ್ತೆ, ಆ ಕಡೆ ಇಳಿದಾಗ ಡೊಮೆಸ್ಟಿಕ್ ಪ್ಯಾಸೆಂಜರ್ ತರ ಬ್ಯಾಗ್ ತಗೊಂಡು ನಡೀತಾ ಇರೋದೆ. ನ್ಯೂಯಾರ್ಕ್, ಶಿಕಾಗೋ ಕಡೆ ಹೋಗೋರಿಗೆ ತುಂಬಾ ಒಳ್ಳೇದು. ಇಲ್ಲಾಂದ್ರೆ ಅಮೆರಿಕಾದಲ್ಲಿ ಮೊದಲು ಯಾವ ಊರಲ್ಲಿ ಕಾಲಿಡ್ತೀರೋ ಅಲ್ಲೇ ಇಮಿಗ್ರೇಷನ್, ಅಲ್ಲೇ ಬ್ಯಾಗ್ ಇಳಿಸ್ಕೊಂಡು ಕಸ್ಟಮ್ಸ್ ದಾಟಿಸಿ ಮತ್ತೆ ಕೊಡ್ಬೇಕು. ಅದಕ್ಕೇ ವಯಸ್ಸಾದೋರಿಗೆ ಟಿಕೆಟ್ ಮಾಡೋವಾಗ ಅಮೆರಿಕಾದೊಳಗೆ ಫ್ಲೈಟ್ ಬದಲಾಯಿಸೋ ಹಾಗೆ ಮಾಡ್ಬೇಡಿ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗ್ಬೇಕಾ, ಹೊರದೇಶದಿಂದ ನೇರ ಅಲ್ಲೇ ಇಳೀರಿ.

ಯುರೋಪ್ ಮೇಲೆ ಹೋಗೋದಾದ್ರೆ ಫ್ರಾಂಕ್‌ಫರ್ಟ್ (ಲುಫ್ತಾನ್ಸಾ), ಲಂಡನ್ (ಬ್ರಿಟಿಷ್ ಏರ್‌ವೇಸ್), ಪ್ಯಾರಿಸ್ (ಏರ್ ಫ್ರಾನ್ಸ್). ಹತ್ತು ಗಂಟೆ, ಆಮೇಲೆ ಹನ್ನೊಂದು. ತುಂಡು ಸಮ ಇದೆ, ಆದ್ರೆ ಎರಡೂ ಉದ್ದ. ಟ್ರಾನ್ಸಿಟ್ ವೀಸಾ ನಿಯಮ ದೇಶ ದೇಶಕ್ಕೆ ಬೇರೆ, ಅಮೆರಿಕಾ ವೀಸಾ ಪಾಸ್‌ಪೋರ್ಟಲ್ಲಿ ಇದ್ರೆ ಸಾಮಾನ್ಯವಾಗಿ ಬಿಡ್ತಾರೆ, ಆದ್ರೂ ಟಿಕೆಟ್ ತಗೊಳ್ಳೋ ಮುಂಚೆ ಒಂದ್ಸಲ ಆ ದೇಶದ ವೆಬ್‌ಸೈಟ್ ನೋಡ್ಕೊಳ್ಳಿ. ಇಷ್ಟೆ, ಯುರೋಪ್ ಬಗ್ಗೆ ಜಾಸ್ತಿ ಹೇಳೋಕೆ ನನ್ನ ಹತ್ರ ಏನಿಲ್ಲ.

ಕಣ್ಣೂರಿನ ಆಸೆ

ನಮ್ಮ ಜಿಲ್ಲೆಗೆ ರೈಲಿಲ್ಲ, ಏರ್‌ಪೋರ್ಟ್ ಇಲ್ಲ. ಹಾಗಾಗಿ ನಮ್ಮ ಹೋಲಿಕೆ ಬೆಂಗಳೂರಿನವರ ತರ ಏರ್‌ಪೋರ್ಟಿಂದ ಶುರುವಾಗಲ್ಲ, ಮನೆ ಗೇಟಿಂದ ಶುರುವಾಗುತ್ತೆ. ಕೆಂಪೇಗೌಡ ಏರ್‌ಪೋರ್ಟ್ ನಮ್ಮಲ್ಲಿಂದ ಮುನ್ನೂರು ಕಿ.ಮೀ.ಗೆ ಸ್ವಲ್ಪ ಕಮ್ಮಿ. ಕುಶಾಲನಗರ ದಾಟಿ ಮೈಸೂರುವರೆಗೆ ರೋಡ್ ಕೆಲಸ ನಡೀತಿರೋದ್ರಿಂದ ಅಲ್ಲಲ್ಲಿ ಡೈವರ್ಷನ್, ಆಮೇಲೆ 2023ರ ಮಾರ್ಚಲ್ಲಿ ಶುರುವಾದ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಲಿ ಹಾರ್ಕೊಂಡು ಹೋಗಿ ಕೆಂಗೇರಿ ಹತ್ರ ಬಂದು ನಿಲ್ಲೋದು. ನೈಸ್ ರೋಡಲ್ಲಿ ತುಮಕೂರು ರೋಡಿಗೆ ಹೋಗಿ ಸುತ್ತಿ ಬರೋದು ದೂರ ಜಾಸ್ತಿ ಆದ್ರೂ ಸಂಜೆ ಹೊತ್ತಲ್ಲಿ ಅದೇ ವಾಸಿ. ಇಂಟರ್‌ನ್ಯಾಷನಲ್ ಫ್ಲೈಟ್ ಎಲ್ಲ 2023ರ ಸೆಪ್ಟೆಂಬರಿಂದ ಟರ್ಮಿನಲ್ 2ರಲ್ಲಿ, ಡ್ರೈವರಿಗೆ ಮೊದಲೇ ಹೇಳಿರಿ. ಮೈಸೂರುವರೆಗೆ ಯಾರಾದ್ರೂ ಬಿಟ್ರೆ ಅಲ್ಲಿಂದ ಕೆಎಸ್ಆರ್‌ಟಿಸಿ ಫ್ಲೈಬಸ್ ಇದೆ, ಒಬ್ರೇ ಹೋಗೋರಿಗೆ ಅದು ಆರಾಮ. ಇದಕ್ಕೆಲ್ಲ ಏಳು ಗಂಟೆ ಇಟ್ಕೊಳ್ಳಿ, ಮಳೆಗಾಲದಲ್ಲಿ ಎಂಟು.

ಈಗ ಕಣ್ಣೂರು. 2018ರ ಡಿಸೆಂಬರ್ 9ಕ್ಕೆ ಮಟ್ಟನ್ನೂರಲ್ಲಿ ಏರ್‌ಪೋರ್ಟ್ ಆದಾಗ ನಮ್ ಕಡೆಯವರಿಗೆ ಆದ ಖುಷಿ ಅಷ್ಟಿಷ್ಟಲ್ಲ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದ್ರೆ ಏರ್‌ಪೋರ್ಟೇ. ಕೊಲ್ಲಿಗೆ ಹೋಗೋರಿಗೆ ಅದಕ್ಕಿಂತ ಒಳ್ಳೇದು ಇಲ್ಲ, ಕಣ್ಣು ಮುಚ್ಕೊಂಡು ಅಲ್ಲಿಂದ್ಲೇ ಹೋಗಿ. ಆದ್ರೆ ಅಮೆರಿಕಾಕ್ಕೆ? ಅಲ್ಲಿ ಎಮಿರೇಟ್ಸ್, ಕತಾರ್ ತರದ ಹೊರದೇಶದ ಕಂಪನಿಗಳ ವಿಮಾನ ಬರಲ್ಲ, ನಮ್ಮ ದೇಶದ ಕಂಪನಿಗಳು ಕೊಲ್ಲಿಗೆ ಹೋಗಿ ಬರ್ತವೆ ಅಷ್ಟೆ. ಅಂದ್ರೆ ಕೊಲ್ಲಿವರೆಗೆ ಒಂದು ಟಿಕೆಟ್, ಮುಂದಕ್ಕೆ ಇನ್ನೊಂದು ಟಿಕೆಟ್ ಅಂತ ಬೇರೆ ಬೇರೆ ತಗೋಬೇಕಾಗುತ್ತೆ.

ಇದನ್ನ ನಾನು ವಾಪಸ್ ಬರೋವಾಗ ಮಾಡ್ದೆ. ಜೂನಲ್ಲಿ ಒಬ್ನೇ ಬರ್ಬೇಕಿತ್ತು, ಬೆಂಗಳೂರಲ್ಲಿ ಇಳಿದು ಮತ್ತೆ ಏಳು ಗಂಟೆ ಕಾರಲ್ಲಿ ಯಾರು ಬರ್ತಾರೆ, ಕಣ್ಣೂರಿಂದ ಮನೆಗೆ ನೂರು ಕಿ.ಮೀ. ಆಸುಪಾಸು, ಮೂರು ಗಂಟೆ ಸಾಕು ಅಂತ ದುರಾಸೆ. ಕೊಲ್ಲಿಯ ಒಂದು ಊರಿಗೆ ಒಂದು ಟಿಕೆಟ್, ಅಲ್ಲಿಂದ ಕಣ್ಣೂರಿಗೆ ಬೇರೆ ಕಂಪನಿದು. ಮಧ್ಯೆ ಮೂರೂವರೆ ಗಂಟೆ ಇತ್ತು, ಸಾಕಷ್ಟಾಯ್ತು ಅಂದ್ಕೊಂಡೆ. ಮೊದಲ ವಿಮಾನ ಎರಡು ಗಂಟೆ ಲೇಟ್. ಬ್ಯಾಗು ನೇರ ಕಣ್ಣೂರಿಗೆ ಹೋಗಲ್ಲ, ನಾನೇ ಹೊರಗೆ ಹೋಗಿ ಬೆಲ್ಟಿಂದ ಇಳಿಸ್ಕೊಂಡು ಮತ್ತೆ ಚೆಕ್ ಇನ್ ಮಾಡ್ಬೇಕು, ಇಮಿಗ್ರೇಷನ್ ಕ್ಯೂ ಬೇರೆ. ಕೌಂಟರಿಗೆ ಹೋಗೋ ಹೊತ್ತಿಗೆ ಮುಚ್ಚಿ ಇಪ್ಪತ್ತು ನಿಮಿಷ ಆಗಿತ್ತು. ಒಂದೇ ಟಿಕೆಟ್ ಆಗಿದ್ರೆ ಅವ್ರೇ ಮುಂದಿನ ವಿಮಾನಕ್ಕೆ ಹಾಕ್ಕೊಡ್ತಿದ್ರು, ಎರಡು ಟಿಕೆಟ್ ಆದ್ರಿಂದ ಮೊದಲಿನವ್ರು "ನಮ್ಮ ಕೆಲಸ ಮುಗೀತು" ಅಂದ್ರು, ಎರಡನೆಯವ್ರು "ನೀವೇ ಲೇಟ್ ಬಂದಿದ್ದು" ಅಂದ್ರು. ಹೊಸ ಟಿಕೆಟ್ ತಗೊಂಡು ಹನ್ನೊಂದು ಗಂಟೆ ಕಬ್ಬಿಣದ ಕುರ್ಚಿ ಮೇಲೆ ಕೂತೆ. ಅದೂ ಸಾಲ್ದು ಅಂತ ಕಣ್ಣೂರಲ್ಲಿ ಇಳಿದ್ರೆ ಧೋ ಅಂತ ಮಳೆ, ಕೂಟುಪುಳ ದಾಟಿ ಮಾಕುಟ್ಟ ರೋಡಲ್ಲಿ ಮರ ಬಿದ್ದು ಎರಡು ಗಂಟೆ ನಿಂತ್ವಿ. ಸಿದ್ದಾಪುರ ಮುಟ್ಟೋ ಹೊತ್ತಿಗೆ ಕತ್ತಲಾಗಿತ್ತು, ಡ್ರೈವರ್ "ಅಣ್ಣಾ, ಈ ಹೊತ್ತಲ್ಲಿ ಚೆಟ್ಟಳ್ಳಿ ರೋಡಲ್ಲಿ ಆನೆ ಇರುತ್ತೆ, ನಾನು ಬರಲ್ಲ" ಅಂತ ಅಲ್ಲೇ ಚಾ ಅಂಗಡಿ ಮುಂದೆ ಗಾಡಿ ಹಾಕ್ದ. ಹಿಂದೆ ಮುಂದೆ ಇನ್ನೊಂದು ಎರಡು ಗಾಡಿ ಸೇರೋವರೆಗೂ ಕಾದು, ಹಾರನ್ ಹೊಡೆಯದೆ ಸಾಲಾಗಿ ಹೋದ್ವಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಕೊಲ್ಲಿಗೆ ಬರೋವಾಗ ಆಗದ ಭಯ ಆ ಹತ್ತಿಪ್ಪತ್ತು ಕಿಲೋಮೀಟರಲ್ಲಿ ಆಯ್ತು.

ಬೇರೆ ಬೇರೆ ಟಿಕೆಟ್ ಮಾಡಿದ್ರೆ ಲಗೇಜಿಗೂ ಪೆಟ್ಟು. ಅಮೆರಿಕಾದ ಟಿಕೆಟ್ಟಲ್ಲಿ ಸಾಮಾನ್ಯವಾಗಿ 23 ಕೆಜಿಯ ಎರಡು ಬ್ಯಾಗ್ ಬಿಡ್ತಾರೆ, ಕೊಲ್ಲಿ ಟಿಕೆಟ್ಟಲ್ಲಿ ಅಷ್ಟಿರಲ್ಲ, ಮಿಕ್ಕಿದ್ದಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು ಕಟ್ಬೇಕು. ಮಂಗಳೂರಿಂದ ಹೋಗೋದೂ ಇದೇ ಕತೆ, ಜೊತೆಗೆ ಸಂಪಾಜೆ ರೋಡು. 2018ರ ಆಗಸ್ಟಲ್ಲಿ ಜೋಡುಪಾಲದ ಹತ್ರ ಗುಡ್ಡ ಜರಿದು ಆ ರೋಡೇ ಇಲ್ಲದ ಹಾಗಾಗಿದ್ದನ್ನ ನೋಡಿದವ್ರು ಮಳೆಗಾಲದಲ್ಲಿ ಆ ಕಡೆ ಫ್ಲೈಟ್ ಇಟ್ಕೊಳ್ಳಲ್ಲ.

ಹಾಗಾದ್ರೆ ಯಾರು ಯಾವುದು ತಗೋಬೇಕು

ವಯಸ್ಸಾದ ಇಬ್ರೇ ಹೋಗೋದು, ಜೊತೆಗೆ ಯಾರೂ ಇಲ್ಲ, ಆರೋಗ್ಯ ಪರವಾಗಿಲ್ಲ ಅಂದ್ರೆ ನೇರ ಫ್ಲೈಟ್ ಇದ್ರೆ ಅದು, ದುಡ್ಡು ಜಾಸ್ತಿ ಆದ್ರೂ. ಅದಿಲ್ಲ ಅಂದ್ರೆ ಟೋಕಿಯೊ, ಮಧ್ಯೆ ಎರಡೂವರೆಯಿಂದ ನಾಲ್ಕು ಗಂಟೆ ಇರೋ ಹಾಗೆ ನೋಡಿ. ಒಂದೂವರೆ ಗಂಟೆದು ಬೇಡ, ಓಡ್ಬೇಕಾಗುತ್ತೆ. ಎಂಟು ಗಂಟೆದೂ ಬೇಡ. ನಡೆಯೋಕೆ ಆಗೋರಿಗೂ ವೀಲ್‌ಚೇರ್ ಹೇಳಿಡಿ, ಎರಡು ದಿನ ಮೊದಲೇ ಹೇಳ್ಬೇಕು. ಅಪ್ಪ ಮೊದಲು "ನಾನೇನು ಕುಂಟನಾ" ಅಂತ ಸಿಟ್ಟಾದ್ರು, ನರಿಟಾದಲ್ಲಿ ಒಬ್ಳು ಹುಡುಗಿ ಬಂದು ಬಗ್ಗಿ ನಮಸ್ಕಾರ ಮಾಡಿ ಕೂರಿಸ್ಕೊಂಡು ಹೋದ್ಮೇಲೆ ವಾಪಸ್ ಬರೋವಾಗ್ಲೂ ಜಪಾನೇ ಇರ್ಲಿ ಅಂತಿದ್ದಾರೆ. ಊಟಕ್ಕೆ ಏಷ್ಯನ್ ವೆಜಿಟೇರಿಯನ್ ಅಂತ ಟಿಕೆಟ್ ಜೊತೆನೇ ಬರೆಸಿ, ವಿಮಾನ ಹತ್ತಿದ ಮೇಲೆ ಕೇಳಿದ್ರೆ ಸಿಗಲ್ಲ.

ಕಾಲು ನೋವು, ಶುಗರ್ ಇರೋರು ಕೊಲ್ಲಿ ದಾರಿ ಮತ್ತೆ ಸಿಂಗಾಪುರ ಎರಡನ್ನೂ ಬಿಡಿ, ಆ ಹದಿನೈದು ಹದಿನಾರು ಗಂಟೆಯ ತುಂಡೇ ಕಷ್ಟ. ಓದೋಕೆ, ಕೆಲಸಕ್ಕೆ ಹೋಗೋ ಹುಡುಗ್ರು ಯಾವುದು ಸೋವಿನೋ ಅದು ತಗೊಳ್ಳಿ, ನಿಮಗೇನು, ಎಲ್ಲಿ ಬೇಕಾದ್ರೂ ಮಲಗ್ತೀರಿ. ಒಂದೇ ಷರತ್ತು, ಮನೆ ಏರ್‌ಪೋರ್ಟಿಂದ ಕೊನೇ ಏರ್‌ಪೋರ್ಟ್‌ವರೆಗೂ ಒಂದೇ ಟಿಕೆಟ್ ಆಗಿರ್ಲಿ. ಪುಟ್ಟ ಮಕ್ಕಳನ್ನ ಕರ್ಕೊಂಡು ಹೋಗೋರಿಗೆ ಮಾತ್ರ ಬೆಳಗಿನ ಜಾವ ಹೊರಡೋ ಫ್ಲೈಟೇ ಒಳ್ಳೇದು, ಹತ್ತಿದ ತಕ್ಷಣ ಮಲಗಿಬಿಡ್ತವೆ.

ಬ್ಯಾಗಿಗೆ ಏನು ಹಾಕ್ಬೇಕು ಅಂತ ತುಂಬಾ ಜನ ಕೇಳಿದ್ರು. ಹುರಿದ ಕಾಫಿಪುಡಿ, ಕರಿಮೆಣಸು, ಏಲಕ್ಕಿ ತೊಂದರೆ ಇಲ್ಲ. ಪಂದಿ ಮಾಂಸ, ಒಣಮಾಂಸ, ಹಸಿ ಕಿತ್ತಳೆ, ಗಿಡ, ಮಣ್ಣಂಟಿದ ಗೆಡ್ಡೆ ಯಾವುದೂ ಬೇಡ, ಆಹಾರ ಇದೆ ಅಂತ ಕಸ್ಟಮ್ಸಲ್ಲಿ ಹೇಳಿಬಿಡಿ, ಮುಚ್ಚಿಟ್ರೆ ದಂಡ. ಕಾಚಂಪುಳಿ (ನಮ್ ಕಡೆ ಅಡುಗೆಗೆ ಹಾಕೋ ಕಪ್ಪು ಹುಳಿ ರಸ) ಬಾಟಲಿ ಚೆಕ್ ಇನ್ ಬ್ಯಾಗಿಗೇ ಹಾಕಿ. ಅಮ್ಮ ಪಕ್ಕದ ಮನೆ ಅಕ್ಕ ಕೊಟ್ಟಿದ್ದ ಅರ್ಧ ಲೀಟರ್ ಬಾಟಲಿನ ಸೀರೆಲಿ ಸುತ್ತಿ ಕೈಚೀಲದಲ್ಲಿ ಇಟ್ಕೊಂಡಿದ್ರು, ಸೆಕ್ಯುರಿಟಿಲಿ 100 ಎಂ.ಎಲ್. ಮೇಲೆ ಬಿಡಲ್ಲ ಅಂತ ತೆಗ್ದಿಟ್ರು. ಆ ಹುಡುಗ ಮುಚ್ಚಳ ತೆಗೆದು ಮೂಸಿ ನೋಡಿ, ಹಿಂದಕ್ಕೆ ಸರಿದು, ಇಂಜಿನ್ ಆಯಿಲಾ ಅಂತ ಕೇಳ್ದ. ಕಪ್ಪಗೆ ಗಟ್ಟಿಯಾಗಿರುತ್ತಲ್ಲ, ಅವನ ತಪ್ಪೇನಿಲ್ಲ.

ಅಪ್ಪ ಅಮ್ಮ ವಾಪಸ್ ಬರೋದು ಅಕ್ಟೋಬರಲ್ಲಿ, ನಮ್ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ, ಅರೇಬಿಕಾ ಹಣ್ಣಾಗೋಕೆ ಮುಂಚೆ ಬಂದುಬಿಡ್ಬೇಕು ಅಂತ ಅಪ್ಪನ ಹಠ. ಅದೇ ಟೋಕಿಯೊ ದಾರಿ. ಯಾವ ದಿನಕ್ಕೆ ಟಿಕೆಟ್ ಮಾಡ್ಲಿ ಅಂತ ಫೋನಲ್ಲಿ ಕೇಳಿದ್ರೆ ಅಮ್ಮ ಮೊದಲು ಕೇಳಿದ್ದು, ಬರೋವಾಗ ದಿನ ಉದ್ದ ಆಗುತ್ತಾ ಚಿಕ್ಕದಾಗುತ್ತಾ ಅಂತ. ಚಿಕ್ಕದು, ಮೂವತ್ತಾರೂವರೆಗೆ ಬದಲು ಹನ್ನೊಂದೂವರೆ ಗಂಟೆನೇ ಅಂದೆ. "ಹಾಗಾದ್ರೆ ಶುಕ್ರವಾರ ಮಧ್ಯಾಹ್ನ ಹೊರಡೋ ಹಾಗೆ ಮಾಡು" ಅಂದ್ರು.